ಮಗಳ ಬಯಕೆಯ ಮ್ಯಾಕರೋನಿ

ನನ್ನ ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ಬಯಸಿದ್ದು ಹುಣಸೆ ತೊಕ್ಕನ್ನಲ್ಲ, ಕರಿಗಡಬನ್ನಲ್ಲ. ಚೀಸ್ ಹಾಕಿದ ಮ್ಯಾಕರೋನಿಯನ್ನು. ಬಾಗಲಕೋಟೆಯಿಂದ ಫೋನ್ ಮಾಡಿ, “ಯವ್ವಾ, ನನ್ನ ಗಂಡ ಮಾಡಿ ಕೊಡ್ತಾನ. ಆದ್ರ ನನಗ ನೀ ಮಾಡಿದ್ದ ಬೇಕು” ಎಂದಳು. ಮದುವೆಯಾದ ಎರಡು ವರ್ಷಗಳಲ್ಲಿ ಅವಳು ನನ್ನಿಂದ ಕೇಳಿದ್ದು ಅದೊಂದೇ.

ಮದುವೆಗೆ ಮೊದಲು ಅವಳು ಬಾದಾಮಿಯಲ್ಲಿ ಪ್ರವಾಸಿಗರ ಹೋಟೆಲೊಂದರಲ್ಲಿ ಕೋಣೆ ಬುಕ್ ಮಾಡುವ ಕೆಲಸಕ್ಕಿದ್ದಳು. ಅಲ್ಲಿಯ ಅಡುಗೆಯವನನ್ನೇ ಮೆಚ್ಚಿ ಮದುವೆಯಾದಳು. ಹುಡುಗ ಬೇರೆ ಜಾತಿಯವನು. ಇಳಕಲ್ಲಿನ ನಮ್ಮ ಮನೆಯ ಬಾಗಿಲು ಅಂದೇ ಅವಳಿಗೆ ಮುಚ್ಚಿತು. ನಮ್ಮ ಮನೆಯವರು, ಅವಳ ಅಪ್ಪ, ಬೈಯಲಿಲ್ಲ, ಕೂಗಾಡಲಿಲ್ಲ. ಅವಳ ಹೆಸರೆತ್ತುವುದನ್ನೇ ಬಿಟ್ಟರು. ಅವರ ಮುಂದೆ ನಾನೂ ಬಿಟ್ಟೆ.

ಮ್ಯಾಕರೋನಿ ನಮ್ಮ ಮನೆಗೆ ಬಂದದ್ದು ಆ ಹೋಟೆಲಿನಿಂದಲೇ. ಗುಹೆ ಹತ್ತಿ ಇಳಿದು ಬಂದ ವಿದೇಶದವರು ಬಿಸಿಲಿಗೆ ಕೆಂಪಗಾಗಿ ಕೂತು ಅದನ್ನೇ ಕೇಳುತ್ತಾರಂತೆ. ಒಂದು ಭಾನುವಾರ ಮಗಳು ಪಾಕೀಟು ತಂದಿಟ್ಟು ತಲೆಸ್ನಾನಕ್ಕೆ ಹೋದಳು. ನಾನು ಶಾವಿಗೆಯ ಹಾಗೆಯೇ ಕುದಿಸಿ, ಬಸಿದು, ಬೆಲ್ಲದ ಪುಡಿ, ತುಪ್ಪ, ಹಾಲು ಹಾಕಿ ತಾಟಿಗೆ ಬಡಿಸಿಟ್ಟೆ. ಬಂದು ನೋಡಿದವಳು ನಕ್ಕು ನಕ್ಕು ನೆಲಕ್ಕೆ ಕುಂತಳು. ಆಮೇಲೆ ಕಲಿಸಿದಳು: ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಬಿಟ್ಟು, ಗಂಟಾಗದಂತೆ ತಿರುವಿ, ಚೀಸ್ ತುರಿದು ಹಾಕುವುದು. ಬೆಳ್ಳುಳ್ಳಿ, ಮೆಣಸಿನ ಪುಡಿ ನಾನು ಸೇರಿಸಿಕೊಂಡದ್ದು.

ಅದರ ಚರಿತ್ರೆಯನ್ನೂ ಅವಳೇ ಹೇಳಿದ್ದು. ಇಟಲಿಯವರ ಹಿಟ್ಟಿನ ತಿಂಡಿಯಂತೆ. ಇಂಗ್ಲಿಷರು ಚೀಸ್ ಬೆರೆಸಿ ಸುಟ್ಟು ತಿಂದರಂತೆ, ಮೊದಮೊದಲು ದೊಡ್ಡವರ ಮನೆಯ ಊಟವಂತೆ. ಅಮೆರಿಕದವರು ಅದನ್ನು ರಟ್ಟಿನ ಡಬ್ಬಿಯಲ್ಲಿ ತುಂಬಿ ಮಾರಿದ ಮೇಲೆ ಬಡವರು ಅದರಲ್ಲೇ ಮಕ್ಕಳ ಹೊಟ್ಟೆ ತುಂಬಿಸಿದರಂತೆ. ಅಲ್ಲಿಯ ಮಕ್ಕಳಿಗೆ ಈಗಲೂ ಅವ್ವನ ಕೈಯಡುಗೆ ಎಂದರೆ ಅದೇ ಅಂತೆ. ನಾವು ಮದುವೆಗೆಂದು ಬೆರಳಲ್ಲಿ ಹೊಸೆಯುವ ಗವಲಿ, ಸವತಿಬೀಜದಂಥ ಶಾವಿಗೆಗಳೂ ಹಿಟ್ಟಿನವೇ. ಅವುಗಳ ಚರಿತ್ರೆಯನ್ನು ನನಗೆ ಯಾರೂ ಹೇಳಿಲ್ಲ. ನಮ್ಮ ಮನೆಯವರಂತೂ ಮ್ಯಾಕರೋನಿಯನ್ನು “ಮೈದಾದ ಹುಳ” ಎಂದು ಕರೆದು ದೂರವೇ ಇದ್ದರು.

ಏಳನೆಯ ತಿಂಗಳಲ್ಲಿ ಬಸುರಿಗೆ ತವರಿನವರು ಕುಬಸ ಮಾಡಬೇಕು. ಹಸಿರು ಬಳೆ, ಹೊಸ ಸೀರೆ, ಉಡಿ ತುಂಬುವುದು, ಬಯಸಿದ ಊಟ. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಮನೆಯಲ್ಲಿ ಕುಬಸ ಆಗುವ ಮಾತೇ ಇರಲಿಲ್ಲ. ನಾನು ಪ್ರತಿ ಅಮಾವಾಸ್ಯೆಗೆ ಕೂಡಲಸಂಗಮಕ್ಕೆ ಹೋಗುವವಳು. ಆ ಅಮಾವಾಸ್ಯೆ ಅಲ್ಲಿಗೇ ಬಾ ಎಂದು ಮಗಳಿಗೆ ಹೇಳಿದೆ. ದೇವರ ಹೆಸರಿನಲ್ಲಿ ಗಂಡನಿಗೆ ಮರೆಮಾಚಿದ್ದು ಅದೇ ಮೊದಲು.

ಹಿಂದಿನ ದಿನ ಬೇಕರಿಗೆ ಹೋಗಿ ಚೀಸ್ ಕೇಳಿದೆ. ಅಂಗಡಿಯವನು ಹುಬ್ಬೇರಿಸಿದ.

“ಏನ್ರಿ ಅಕ್ಕಾರ, ನೀವೂ ಪಿಜ್ಜಾ ಶುರು ಮಾಡಿದ್ರಿ?”

“ಹೌದಪಾ, ನಾಳೆಯಿಂದ ನಿನ್ನ ಅಂಗಡಿ ಮುಂದನ ಮಾರ್ತೇನಿ. ಇದರಾಗ ತತ್ತಿ ಗಿತ್ತಿ ಇಲ್ಲಲ್ಲ?”

“ಹಸರ ಚುಕ್ಕಿ ನೋಡ್ರಿ. ನಿಮ್ಮ ಮಡಿಗೆ ಏನೂ ಆಗೂದಿಲ್ಲ.”

ಮರುದಿನ ಬೆಳಗ್ಗೆ ಒಲೆಯ ಮುಂದೆ ಕೈ ಸುಟ್ಟುಕೊಂಡರೂ ಗಂಟು ಬರಲಿಲ್ಲ, ತಳ ಹತ್ತಲಿಲ್ಲ. ಸ್ಟೀಲಿನ ಡಬ್ಬಿಗೆ ತುಂಬುವಷ್ಟರಲ್ಲಿ ಪೂಜೆ ಮುಗಿಸಿ ನಮ್ಮ ಮನೆಯವರು ಅಡುಗೆಮನೆಯ ಬಾಗಿಲಿಗೆ ಬಂದರು.

“ಏನಿದು ವಾಸನಿ?”

“ಮ್ಯಾಕರೋನಿರಿ.”

“ಅಮಾಸಿ ದಿನಾ? ಯಾರು ಉಣ್ಣಾವ್ರು?”

“ಗುಡಿಗೆ ಬರೋ ಹುಡುಗ್ರಿಗೆ ಹಂಚೂಣಂತ...”

“ಹುಡುಗ್ರಿಗೆ,” ಎಂದು ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮಣೆ ಎಳೆದುಕೊಂಡು ಕೂತರು. “ಹಂಗಾರ ನನಗೂ ಹಾಕು. ಹೆಂಗಿರ್ತೈತಿ ನಾನೂ ನೋಡ್ತೇನಿ.”

ಒಂದು ಸವಟು ಹಾಕಿದೆ. ಅವಸರವಿಲ್ಲದೆ ತಿಂದರು. ತಾಟು ಬರಿದಾಯಿತು. ಇನ್ನೊಂದು ಹಾಕಿದೆ. ಅದೂ ಬರಿದಾಯಿತು. ಅವರು ಬೇಕೆಂದು ಕೇಳಲಿಲ್ಲ. ನನ್ನ ಕೈಯೇ ಹೋಗುತ್ತಿತ್ತು. ಮೂವತ್ತು ವರ್ಷದ ರೂಢಿ, ಅವರ ತಾಟು ಬರಿದಾದದ್ದು ಕಂಡರೆ ಸಾಕು, ಕೈ ತಾನಾಗಿ ಸವಟು ಹಿಡಿಯುತ್ತದೆ. ಡಬ್ಬಿಯ ತಳ ಕಂಡಾಗ ನೀರು ಕುಡಿದು ಎದ್ದರು.

“ಭಾಳ ರುಚಿ ಆಗೇತಿ. ಇನ್ನ ಹೋಗಿ ಬಾ, ಬಸ್ ತಪ್ಪೀತು.”

ಡಬ್ಬಿ ಯಾರಿಗೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ತಿಂದರು.

ಹುನಗುಂದದಲ್ಲಿ ಬಸ್ ಬದಲಾಯಿಸುವವರೆಗೂ ಅವರನ್ನೇ ಮನಸ್ಸಿನಲ್ಲಿ ಶಪಿಸಿದೆ. ಸಂಗಮದ ಮೆಟ್ಟಿಲ ಮೇಲೆ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದಳು. ಅಳಿಯ ದೂರದಲ್ಲಿ ಕಾಯಿ ಅಂಗಡಿಯ ಹತ್ತಿರ ನಿಂತಿದ್ದ. ಹತ್ತಿರ ಬಾ ಎಂದು ನಾನೂ ಕರೆಯಲಿಲ್ಲ.

“ತಂದೀಯೇನಬೇ? ಮುಂಜಾನಿಂದ ಏನೂ ತಿಂದಿಲ್ಲ ನಾ.”

“ನಿಮ್ಮಪ್ಪ ಉಂಡ್ರು.”

ಅವಳಿಗೆ ಮೊದಲು ನಗೆ ಬಂತು. “ಅಪ್ಪಾ? ಮೈದಾದ ಹುಳಾ ಅಂತಿದ್ದ, ಅಂವ ಉಂಡ್ನ?”

“ಎಲ್ಲಾ.”

“ಎಲ್ಲಾನ? ನೀ ಏನ್ ಮಾಡತಿದ್ದಿ?”

“ನೀಡತಿದ್ನಿ.”

ನಗೆ ನಿಂತಿತು. ಹೊಳೆಯ ಕಡೆ ಮುಖ ತಿರುಗಿಸಿಕೊಂಡಳು.

“ಇದು ನನ್ನ ಮಗಳಿಗೆ ಅಂತ ಒಂದ ಮಾತ ಅನ್ನಾಕ ಆಗಲಿಲ್ಲೇನ ನಿನಗ?”

ಅಂಗಡಿಯಿಂದ ಅಕ್ಕಿ, ಕಾಯಿ, ಉತ್ತತ್ತಿ, ಎಲೆ ಅಡಿಕೆ, ಹಸಿರು ಬಳೆ ಕೊಂಡು ತಂದು ಅಲ್ಲೇ ಮೆಟ್ಟಿಲ ಮೇಲೆ ಅವಳ ಉಡಿ ತುಂಬಿದೆ. ಬೇಡ ಎನ್ನದೆ ಸೆರಗೊಡ್ಡಿದಳು, ಬಳೆಗೆ ಕೈ ಕೊಟ್ಟಳು. ಪ್ರಸಾದದ ಬಾಳೆಹಣ್ಣಿನಲ್ಲಿ ಅರ್ಧ ತಿಂದಳು. ಏಳುವಾಗ ಹೇಳಿದಳು, “ಇನ್ನೊಮ್ಮೆ ಹಿಂಗ ಸುಳ್ಳ ಹೇಳಿ ಬರಬ್ಯಾಡ. ಅಪ್ಪಗ ಹೇಳೇ ಬಾ. ಇಲ್ಲಾಂದ್ರ ಬರಬ್ಯಾಡ.” ಅಳಿಯ ಬಂದು ಅವಳ ಕೈಹಿಡಿದು ಇಳಿಸಿಕೊಂಡು ಹೋದ.

ಮೊಮ್ಮಗಳಿಗೆ ಈಗ ಐದು ತಿಂಗಳು. ಹೆರಿಗೆ ಸುಸೂತ್ರವಾಯಿತು, ಕೂಸು ಗುಂಡಗಿದೆ, ಮಗಳು ವಾರಕ್ಕೊಮ್ಮೆ ಫೋಟೊ ಕಳಿಸುತ್ತಾಳೆ. ದೇವರು ಕೊಟ್ಟದ್ದನ್ನು ದಿನಾ ಎಣಿಸಿ ಕೈಮುಗಿಯುತ್ತೇನೆ. ಕೊಡದೆ ಇಟ್ಟುಕೊಂಡದ್ದು ದೇವರಲ್ಲ ಎಂಬುದೂ ಆ ಹೊತ್ತಿಗೇ ನೆನಪಾಗುತ್ತದೆ. ಕೂಸನ್ನು ನಾನಿನ್ನೂ ಎತ್ತಿಕೊಂಡಿಲ್ಲ. ಇಳಕಲ್ಲಿನಿಂದ ಬಾಗಲಕೋಟೆಗೆ ಬಸ್ಸುಗಳು ಬೇಕಾದಷ್ಟಿವೆ. ಅವರು ಊಟಕ್ಕೆ ಕೂತಾಗಲೆಲ್ಲ, ನಾನು ಮಗಳ ಮನೆಗೆ ಹೋಗಬೇಕು ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಬಾಯಿ ತೆರೆಯುತ್ತೇನೆ. “ಇನ್ನೊಂದ ರೊಟ್ಟಿ ಹಾಕ್ಲೇನ್ರಿ?” ಎನ್ನುತ್ತೇನೆ.