ಚಿಕ್ಕ ಫೋನಿನಲ್ಲಿ ಇಲ್ಲದಿದ್ದದ್ದು

ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಹಳದಿಗಟ್ಟಿ, ಅವರೆಬೇಳೆಯ ಬಣ್ಣಕ್ಕೆ ತಿರುಗಿತ್ತು. ಎಂಥ ಅಂಟು ಹಾಕಿ ಮುಚ್ಚಿದ ಫೋನನ್ನೂ ಆ ಉಗುರು ಬಾಯಿ ಬಿಡಿಸುತ್ತಿತ್ತು. ಆ ಕೈ ನಡುಗತೊಡಗಿದಾಗ ಅದನ್ನು ಅಣಕಿಸಿ ನಾಲ್ಕು ಜನರನ್ನು ನಗಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಪಶ್ಚಾತ್ತಾಪದ ನಟನೆ ಎಂದುಕೊಳ್ಳುತ್ತೀರಿ; ನಟನೆ ನನಗೆ ಚೆನ್ನಾಗಿಯೇ ಬರುತ್ತದೆ.

ಹೊಸಹಳ್ಳಿಯಲ್ಲಿ ನಾನು ಕೆಲಸ ಮಾಡುವ ಫೋನ್ ಅಂಗಡಿಯ ಎದುರು, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ರಿಪೇರಿ ಅಂಗಡಿ ಇತ್ತು. ನಾನು ಫೋನು ಮಾರುತ್ತಿದ್ದೆ, ಅವರು ಬದುಕಿಸುತ್ತಿದ್ದರು. ಬೀದಿಗೆಲ್ಲ ಅವರು ರಿಪೇರಿ ಅಣ್ಣ. ಹೋದ ವರ್ಷ ಕೆಂಗೇರಿ ಉಪನಗರದ ಮಗಳ ಮನೆಯಲ್ಲಿ ತೀರಿಕೊಂಡರು. ಮೆಟ್ಟಿಲ ಕೆಳಗೆ ಈಗ ಕಬ್ಬಿನ ಹಾಲು ಮಾರುತ್ತಾರೆ. ಅಲ್ಲಿ ನಿಂತು ಕುಡಿಯಲು ನನಗಿನ್ನೂ ಮನಸ್ಸು ಬಂದಿಲ್ಲ.

ಅವರದೊಂದು ಪದ್ಧತಿ. ಬಿಳಿ ಹಾಳೆಯ ಮೇಲೆ ಫೋನಿನ ಆಕಾರ ಗೀಚಿ, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದರದರ ಜಾಗದಲ್ಲೇ ಇಡುತ್ತಿದ್ದರು. ಫೋನಿನ ಸ್ಕ್ರೂಗಳು ನೋಡಲು ಒಂದೇ ಥರ. ಉದ್ದ ಮಾತ್ರ ಕೂದಲೆಳೆಯಷ್ಟು ಬೇರೆ. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ್ದು ಹೋದರೆ ಒಳಗಿನ ಬೋರ್ಡನ್ನೇ ಕೊರೆದುಬಿಡುತ್ತದೆ.

"ಬಿಚ್ಚಿ ನೋಡ್ದೆ ಬಾಯಿ ಬಿಡ್ಬಾರ್ದು ಕಣೋ," ಎನ್ನುವುದು ಅವರ ಮಾತು. ಅದನ್ನೇ ನಾನು ಅವರ ಶೀತದ ಮೂಗಿನಲ್ಲಿ ಹೇಳಿ ತೋರಿಸಿದರೆ, "ಥೂ, ನನ್ ನೆಗಡೀನೂ ಬಿಡಲ್ವಲ್ಲೋ," ಎಂದು ಎಲ್ಲರಿಗಿಂತ ಮೊದಲು ಅವರೇ ನಗುತ್ತಿದ್ದರು.

ಒಂದು ದಿನ ಆ ಹಾಳೆ ಮೇಜಿನ ಮೇಲೆ ಕಾಣಲಿಲ್ಲ. ಒಂದು ಸ್ಕ್ರೂ ಇಡಲು ಹೋದರೆ ಕೈ ತಗುಲಿ ಇನ್ನೆರಡು ಉರುಳುತ್ತಿದ್ದವೆಂದು ನನಗೆ ಆಮೇಲೆ ತಿಳಿಯಿತು. ಅವತ್ತು ಅವರು ನಮ್ಮ ಅಂಗಡಿಗೇ ಬಂದರು.

"ಕ್ಯಾಮ್ರಾ ಚೆನ್ನಾಗಿರೋದು ಒಂದು ಕೊಡು. ಸ್ಕ್ರೂ ತೆಗ್ಯೋವಾಗ ಫೋಟೋ ಹೊಡ್ಕೊಂಡ್ರೆ, ಯಾವ್ದು ಎಲ್ಲಿತ್ತು ಅಂತ ಗೊತ್ತಾಗುತ್ತೆ."

ಆಗಷ್ಟೇ ಬಂದಿದ್ದ ಮಾಡೆಲ್ ತೋರಿಸಿದೆ. ಅದರಲ್ಲಿ ದೊಡ್ಡದು, ಚಿಕ್ಕದು ಎಂದು ಎರಡು. ಅವರಿನ್ನೂ ಎರಡನ್ನೂ ಬಿಚ್ಚಿರಲಿಲ್ಲ.

"ಎರಡಕ್ಕೂ ಏನೋ ವ್ಯತ್ಯಾಸ?"

ನನ್ನ ವ್ಯಾಪಾರದ ಧ್ವನಿಯೆಂದರೆ ತುಪ್ಪದಲ್ಲಿ ಕರಿದ ಸುಳ್ಳು. "ಒಳಗೆ ಸೇಮ್ ಟು ಸೇಮ್ ಅಣ್ಣಾ. ಸೈಜ್ ಅಷ್ಟೇ ಬೇರೆ. ಚಿಕ್ಕದು ಕೈಗೆ ಚೆನ್ನಾಗಿ ಕೂರುತ್ತೆ."

ಬಿಚ್ಚಿ ನೋಡದೆ ಅವರು ನಂಬಿದ್ದು ಅದೊಂದೇ ಸಲ. ಈಗ ಕೌಂಟರಿನಲ್ಲಿ ಯಾರಾದರೂ ಆ ಪ್ರಶ್ನೆ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ಮ್ಯಾನೇಜರು ಹಲ್ಲು ಕಡಿಯುತ್ತಾರೆ.

ಹದಿನೈದು ದಿನ ಕಳೆದು ಮತ್ತೆ ಬಂದರು. "ಫೋಟೋ ಎಲ್ಲಾ ಮಂಜು ಮಂಜಾಗಿ ಬರ್ತಿದೆಯಲ್ಲೋ."

ಅಂಗಡಿ ತುಂಬ ಗಿರಾಕಿಗಳು. ನನಗೆ ಅಷ್ಟು ಸಾಕು. "ಫೋನ್ ಏನ್ ಮಾಡುತ್ತೆ ಅಣ್ಣಾ, ಕ್ಯಾಮ್ರಾಮನ್ನೇ ಡ್ಯಾನ್ಸ್ ಮಾಡ್ತಿದ್ರೆ!" ಎಂದು ಅವರ ಹಾಗೆಯೇ ಉಗುರು ಚಾಚಿ, ಕೈ ನಡುಗಿಸಿ ತೋರಿಸಿದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕೈಯನ್ನು ಜೇಬಿಗೆ ಹಾಕಿಕೊಂಡು ರಸ್ತೆ ದಾಟಿದರು.

ಅದೇ ವಾರ, ಒಂದು ಮಂಜು ಫೋಟೋ ನೋಡಿಕೊಂಡು ಜೋಡಿಸುವಾಗ, ಉದ್ದದ ಸ್ಕ್ರೂ ಗಿಡ್ಡದರ ತೂತಿಗೆ ಹೋಯಿತು. ಕುರುಬರಹಳ್ಳಿಯ ಗಿರಾಕಿಯೊಬ್ಬನ ಫೋನು ಸತ್ತೇಹೋಯಿತು. ಬೇರೆ ಕೊಡಿಸುತ್ತೇನೆಂದರೂ ಆತ ಬೀದಿಯಲ್ಲಿ ನಿಂತು ಕೂಗಾಡಿದ: "ಕೈ ಡ್ಯಾನ್ಸ್ ಮಾಡೋರು ಯಾಕ್ರೀ ಅಂಗ್ಡಿ ಇಟ್ಕೋಬೇಕು?" ನನ್ನ ಜೋಕು ನನಗಿಂತ ಮೊದಲೇ ರಸ್ತೆ ದಾಟಿತ್ತು.

ಮರುದಿನ ಬೆಳಗ್ಗೆ ಅವರು ನನ್ನನ್ನು ಕರೆದರು. ಮೇಜಿನ ಮೇಲೆ ನಾನು ಮಾರಿದ ಚಿಕ್ಕ ಫೋನು, ಪಕ್ಕದಲ್ಲಿ ಗಾಜು ಒಡೆದು ರಿಪೇರಿಗೆ ಬಂದ ಅದೇ ಮಾಡೆಲಿನ ದೊಡ್ಡದು. ಎರಡೂ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು.

"ದೊಡ್ಡದ್ರಲ್ಲಿ ಬ್ಯಾಟ್ರಿ ದೊಡ್ದು, ಅದಿರ್ಲಿ. ಇಲ್ಲಿ ನೋಡು." ದೊಡ್ಡದರ ಕ್ಯಾಮೆರಾವನ್ನು ಉಗುರಿನಿಂದ ಮುಟ್ಟಿದರು. ಒಳಗಿನ ಲೆನ್ಸು ತೊಟ್ಟಿಲಿನಂತೆ ಮೆಲ್ಲಗೆ ತೂಗಿತು. "ಸಣ್ಣ ತಂತಿ ಮೇಲೆ ನಿಲ್ಸಿದಾರೆ. ಕೈ ಈ ಕಡೆ ಹೋದ್ರೆ ಇದು ಆ ಕಡೆ ಹೋಗುತ್ತೆ. ಫೋಟೋ ಅಲ್ಲಾಡಲ್ಲ. ನಿನ್ ಚಿಕ್ಕದ್ರಲ್ಲಿ ಅಷ್ಟು ಜಾಗ ಇಲ್ಲ. ಗಟ್ಟಿಯಾಗಿ ಕೂರ್ಸಿಬಿಟ್ಟಿದಾರೆ, ಪಾಪ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ಪಾಠ ಹೇಳಿದರು. ಆಮೇಲೆ ತಲೆ ಎತ್ತದೆ, "ನರದ ಡಾಕ್ಟ್ರು ಹೇಳಿದ್ರು, ಇದು ನಿಲ್ಲಲ್ವಂತೆ. ಜಾಸ್ತಿ ಆಗ್ತಾ ಹೋಗುತ್ತಂತೆ. ಅಂಗ್ಡಿ ಬಿಟ್ಕೊಡ್ತೀನಿ ಕಣೋ," ಎಂದರು.

ನಾನು ನಮ್ಮ ಅಂಗಡಿಗೆ ಓಡಿಹೋಗಿ ಹೊಸ ದೊಡ್ಡ ಫೋನಿನ ಡಬ್ಬಿ ತಂದು ಅವರ ಮುಂದಿಟ್ಟೆ.

"ತಪ್ಪಾಯ್ತು ಅಣ್ಣಾ. ಇದನ್ನ ಇಟ್ಕೊಳ್ಳಿ. ಕೈ ಎಷ್ಟ್ ನಡುಗಿದ್ರೂ ಇದ್ರಲ್ಲಿ ಫೋಟೋ ನಿಲ್ಲುತ್ತೆ. ಅಂಗ್ಡಿ ಮಾತ್ರ ಮುಚ್ಬೇಡಿ."

ಡಬ್ಬಿಯನ್ನು ತೆರೆಯದೆಯೇ ಅವರು ನನ್ನ ಕಡೆಗೆ ಸರಿಸಿದರು.

"ಫೋಟೋ ನಿಲ್ಲುತ್ತೆ, ಸರಿ. ಸ್ಕ್ರೂ ತಿರುಗ್ಸೋಕೆ ಯಾವ ಫೋನ್ ಕೊಡ್ತೀಯೋ?"