ಕೇಳಿ ಕುಡಿಯುವ ಕಾಫಿ

ಕೊಲ್ಹಾಪುರದ ಸೀಮೆಯಲ್ಲಿ ಚಹಾ ಕೇಳದೆಯೇ ಬರುತ್ತದೆ, ಕಾಫಿಯನ್ನು ಕೇಳಬೇಕು. ಕೇಳಿದ ಮೇಲೂ ಮನೆಯೊಡತಿ ನಿಮ್ಮ ಮುಖ ನೋಡಿ, ನೆಗಡಿಯೇ ಎಂದು ವಿಚಾರಿಸಿ, ಹಾಲಿಗೆ ಜಾಯಿಕಾಯಿ ತೇಯ್ದು, ಕಾಫಿಯ ಪರಿಮಳವನ್ನು ಸಮೂಲ ನಿರ್ಮೂಲ ಮಾಡಿ ತಂದುಕೊಡುತ್ತಾಳೆ. ಧಾರವಾಡದಲ್ಲಿ ಓದುವಾಗ ಹತ್ತಿಸಿಕೊಂಡ ಈ ಚಟವನ್ನು ನಾನು ಪದವಿಗಿಂತ ಜೋಪಾನವಾಗಿ ಊರಿಗೆ ತಂದಿದ್ದೆ. ಪದವಿಯಿಂದ ಇಚಲಕರಂಜಿಯ ನೂಲಿನ ಅಂಗಡಿಯೊಂದರಲ್ಲಿ ಗುಮಾಸ್ತಿಕೆಯಾದರೂ ಸಿಕ್ಕಿತು. ಚಟಕ್ಕೆ ಎಲ್ಲಿಯೂ ಗತಿ ಸಿಗಲಿಲ್ಲ.

ಅದನ್ನು ಗಂಭೀರವಾಗಿ ತೆಗೆದುಕೊಂಡವರು ವೈನಿ, ನನ್ನ ಅಣ್ಣನ ಹೆಂಡತಿ. ಗಡಹಿಂಗ್ಲಜದ ಪಶ್ಚಿಮಕ್ಕಿರುವ ನಮ್ಮ ಹೊಲದಲ್ಲೆಲ್ಲ ಕಬ್ಬು. ಹಳ್ಳದ ದಂಡೆಯ ಒಂದು ಮೂಲೆಯಲ್ಲಿ ಮಾತ್ರ ಹಲಸು, ಮಾವು, ಅವುಗಳನ್ನು ತಬ್ಬಿದ ಮೆಣಸಿನ ಬಳ್ಳಿ. ಅಲ್ಲಿಯ ಕಾಯಿ-ಹಣ್ಣುಗಳನ್ನು ವೈನಿ ಸಂತೆಗೆ ಒಯ್ಯುತ್ತಿದ್ದರು. ಸಕ್ಕರೆ ಕಾರ್ಖಾನೆಯಿಂದ ಬರುವ ಕಬ್ಬಿನ ಬಿಲ್ಲು ಅಣ್ಣನದು. ಈ ಬುಟ್ಟಿಯ ರೊಕ್ಕ ಅವರದು. ಬಳೆಗಾಗಲಿ, ಮಗಳ ಪುಸ್ತಕಕ್ಕಾಗಲಿ, ತವರಿಗೆ ಹೋಗುವ ಬಸ್ಸಿಗಾಗಲಿ ಅವರು ಯಾರ ಮುಂದೆಯೂ ಕೈಯೊಡ್ಡಿದವರಲ್ಲ.

ಬೆಲ್ಲದ ಲಾರಿ ಹೊಡೆಯುತ್ತ ಚಿಕ್ಕಮಗಳೂರಿನವರೆಗೆ ಹೋಗುತ್ತಿದ್ದ ವೈನಿಯ ತಮ್ಮ, ಎಪ್ಪತ್ತರ ದಶಕದ ಒಂದು ಮಳೆಗಾಲದಲ್ಲಿ ಕಾಫಿಯ ಸಸಿಗಳನ್ನು ತಂದ. ಹಲಸಿನ ನೆರಳಲ್ಲಿ ನೆಡಿ, ಬೇರೂರಿದ ಮೇಲೆ ಬೇಸಿಗೆಯಲ್ಲಿ ಒಣಗಲು ಬಿಡಿ, ಬಾಯಾರಿದ ಗಿಡವೇ ಮೊದಲ ಮಳೆಗೆ ಹೂ ಬಿಡುತ್ತದೆ ಎಂದು ಹೇಳಿ ಹೋದ. ನನಗೂ ಹಿಗ್ಗು, ಅದೇ ನೆಲದಲ್ಲಿ ಎರಡು ಆದಾಯವೆಂದು ಭಾಷಣ ಮಾಡಿದೆನಂತೆ. ಮಾಡಿದ್ದು ನೆನಪಿಲ್ಲ; ಮಾಡುವ ಪೈಕಿಯವನೇ ಆದ್ದರಿಂದ ನಂಬುತ್ತೇನೆ.

ಕಬ್ಬಿನವರ ಧರ್ಮವೇ ಬೇರೆ. ನದಿಯ ನೀರಿನ ಪಾಳಿ ಬಂದಾಗ ನೀರು ಬಿಡದಿರುವುದು ನಮ್ಮಲ್ಲಿ ಮನೆಗೆ ಬಂದ ಅತಿಥಿಯನ್ನು ಉಪವಾಸ ಕಳಿಸಿದಷ್ಟೇ ಪಾಪ. ಅಣ್ಣ ಪ್ರತಿ ಪಾಳಿಗೂ ಕಾಫಿಗೆ ನೀರುಣಿಸಿದ.

"ಬ್ಯಾಡಂದ್ರೂ ಕುಡಸಾಕತ್ತೀರಲ್ರಿ!" ಎಂದರು ವೈನಿ.

"ಪಾಳಿ ಬಂದಾಗ ನೀರ ಬಿಡದಾಂವ ಎಂಥಾ ರೈತ? ಉಪಾಸ ಕೆಡವಿದ್ರ ಯಾವ ಗಿಡ ಹೂ ಬಿಡತೈತಿ?"

"ಬಿಡ್ರಿ, ಬಿಡ್ರಿ. ಬರೇ ಎಲಿ ಬರತಾವು. ಭಜಿ ಕರದು ಹಾಕತೇನಿ."

ಬಂದದ್ದು ಎಲೆಯೇ. ಗಿಡಗಳು ಪುಷ್ಟವಾಗಿ, ಹಸಿರಾಗಿ, ನಾಚಿಕೆಯಿಲ್ಲದೆ ಬೆಳೆದವು. ಎಲ್ಲೋ ಒಂದೊಂದು ಹೂ ಕಂಡಿತು, ಅಷ್ಟೇ. ಮಲ್ಲಿಗೆಯಂಥ ಅದರ ವಾಸನೆ ನನಗೆ ನೆನಪಿದೆ ಎನ್ನುತ್ತೇನೆ. ಆದರೆ ಆ ದಿನಗಳಲ್ಲಿ ನಾನು ಊರಿನಲ್ಲೇ ಇದ್ದೆನೇ ಎಂಬುದರ ಬಗ್ಗೆ ಅನುಮಾನವಿದೆ.

ಕೆಲವು ವರ್ಷ ಕಾದು ಅಣ್ಣ ಕಾಫಿಯನ್ನು ಕಿತ್ತ. ಆಮೇಲೆ ತಲೆಯೆತ್ತಿ ಹಲಸನ್ನು ನೋಡಿದ.

"ಹಲಸು ಏನ್ ಮಾಡೇತ್ರಿ ನಿಮಗ?" ವೈನಿಯ ದನಿ ಆಗ ಏರಿತ್ತು.

"ಅದರ ನೆಳ್ಳಾಗ ಕಬ್ಬ ಬರೂದಿಲ್ಲ. ಒಂದು ಮೂಲಿ ಸುಮ್ಮನ ಯಾಕ ಕೂಡಬೇಕು?"

ಗಡಹಿಂಗ್ಲಜದ ಮರ ಕೊಯ್ಯುವ ಮಿಲ್ಲಿಗೆ ಹಲಸು, ಮಾವು ಎರಡೂ ಹೋದವು. ಮೆಣಸಿನ ಬಳ್ಳಿ ದಂಡೆಯ ಮೇಲೆ ಒಣಗಿತು. ಆ ಮೂಲೆಗೂ ಕಬ್ಬು ಬಂತು. ಅದುವರೆಗೆ ಆ ಮೂಲೆ ಸುಮ್ಮನೆ ಕೂತಿತ್ತೆಂದು ಯಾರಿಗೂ ಅನ್ನಿಸಿರಲಿಲ್ಲ. ವೈನಿಯ ಬುಟ್ಟಿಯನ್ನು ಯಾರೂ ಆದಾಯವೆಂದು ಕರೆದಿರಲಿಲ್ಲ. ಆ ಅಜ್ಞಾತವಾಸದಲ್ಲೇ ಅದು ಸುರಕ್ಷಿತವಾಗಿತ್ತು. ಹೆಚ್ಚು ದುಡಿಯಲೆಂದು ಕಾಫಿ ತಂದ ದಿನವೇ ಎಲ್ಲರ ಕಣ್ಣು ಅದರ ಮೇಲೆ ಬಿತ್ತು. ಕಾಫಿ ಬರದಿದ್ದರೆ ಹಲಸು ಉಳಿಯುತ್ತಿತ್ತೇ? ಗೊತ್ತಿಲ್ಲ. ಸುತ್ತಲಿನ ಹೊಲಗಳಲ್ಲಿ ಕಾಫಿಯ ಹಂಗಿಲ್ಲದೆಯೇ ಮರಗಳು ಹೋದವು. ಆದರೂ ನಮ್ಮವು ಇನ್ನಷ್ಟು ವರ್ಷ ಇರುತ್ತಿದ್ದವೇನೋ ಎಂಬ ಕೊರಗು ಹೋಗಿಲ್ಲ.

ಮುಂದೊಮ್ಮೆ ಊರಿಗೆ ಹೋದಾಗ, ಹಳೆಯ ಸಲಿಗೆಯಿಂದ ವೈನಿಯನ್ನು ಕಾಫಿ ಕೇಳಿದೆ. ಅವರು ಕಬ್ಬಿನ ಕಡೆ ನೋಡಿ ನಕ್ಕರು.

"ಮನ್ಯಾಗ ಪುಡಿ ಇಲ್ಲರಿ. ತರಬೇಕಂದ್ರ ನಿಮ್ಮಣ್ಣಗ ರೊಕ್ಕ ಕೇಳಬೇಕು."

ಚಹಾ ಬಂತು. ಅಂದಿನಿಂದ ನಾನು ಆ ಮನೆಯಲ್ಲಿ ಕಾಫಿ ಕೇಳಿಲ್ಲ.