ಹನ್ನೆರಡು ನಂಬರಿನ ಅಂಗಿ

ಅವರ ತುಟಿಗಳ ನಡುವೆ ಯಾವಾಗ ನೋಡಿದರೂ ನಾಲ್ಕು ಗುಂಡುಸೂಜಿ ಇರುತ್ತಿತ್ತು. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ. ಸೂಜಿಗಳನ್ನು ಬಾಯಿಯ ಎಡಮೂಲೆಗೆ ಸರಿಸಿಕೊಂಡು ಬಲಮೂಲೆಯಿಂದ ಮಾತಾಡುತ್ತಿದ್ದರು. ಹೊಸ ಗಿರಾಕಿಗಳಿಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ; ನನಗೆ ಹದಿನಾಲ್ಕು ವರ್ಷದ ಅಭ್ಯಾಸ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹಿಂದಿನ ಹಳೇ ಕಟ್ಟಡದಲ್ಲಿ ಅವರದ್ದು ಟೈಲರ್ ಅಂಗಡಿ, ಪಕ್ಕದ್ದು ನನ್ನ ಝೆರಾಕ್ಸ್ ಅಂಗಡಿ. ನಡುವೆ ಒಂದೇ ಗೋಡೆ. ಊರಿಗೆಲ್ಲ ಅವರು ಟೈಲರಣ್ಣ, ನನಗೂ ಹಾಗೇ.

ಅವರ ಅಂಗಡಿಗೆ ಒಂದು ಕಾನೂನು ಇತ್ತು. ಟ್ರಯಲ್ ಆಗದೆ ಪಕ್ಕಾ ಹೊಲಿಗೆ ಇಲ್ಲ. ಬಟ್ಟೆ ಕತ್ತರಿಸಿ, ಬಿಳಿ ನೂಲಿನಲ್ಲಿ ಉದ್ದುದ್ದ ಕೈಹೊಲಿಗೆ ಹಾಕಿ ಇಡುತ್ತಿದ್ದರು. ಗಿರಾಕಿ ಬಂದು ಹಾಕಿ ನೋಡಬೇಕು, ಇವರು ಸುತ್ತ ಒಂದು ಪ್ರದಕ್ಷಿಣೆ ಬಂದು ಅಲ್ಲಲ್ಲಿ ಸೂಜಿ ಚುಚ್ಚಬೇಕು, ಆಮೇಲೆಯೇ ಮಿಷನ್ ಓಡುವುದು. ಬರೀ ಎರಡು ಅಂಗಿಗೆ ಇಷ್ಟು ರಗಳೆ ಯಾಕೆ ಅಂತ ಎಷ್ಟೋ ಜನ ರೆಡಿಮೇಡಿಗೆ ಹೋದರು. ನಾನೂ ಒಮ್ಮೆ ಜಗಳ ಮಾಡಿದ್ದೇನೆ. ನನಗೆ ಸಿಟ್ಟು ಸ್ವಲ್ಪ ಬೇಗ. "ಅಳತೆ ತೆಗೊಂಡಿದ್ದೀರಲ್ಲ, ಇನ್ನೆಂತ ಟ್ರಯಲ್? ನಾನೇನು ಮದುಮಗನಾ?" ಎಂದು ಕೂಗಿದ್ದೆ. ಅವರು ಬಲಮೂಲೆಯಿಂದ ಹೇಳಿದರು: "ಟೇಪಿಗೆ ಅಳತೆ ಮಾತ್ರ ಗೊತ್ತು ಮಾರಾಯ. ಮನುಷ್ಯ ನಿಂತ ಮೇಲೆ ಬೇರೆಯೇ ಕಾಣ್ತದೆ."

ಇಂಥ ಮನುಷ್ಯನಿಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿದದ್ದು ಕುವೈತಿನಲ್ಲಿ. ಅಲ್ಲಿ ಯೂನಿಫಾರ್ಮ್ ಹೊಲಿಯುವ ಕಂಪೆನಿಯಲ್ಲಿ ಹನ್ನೊಂದು ವರ್ಷ ಇದ್ದರು. ರೂಮಿನಲ್ಲಿ ಆರು ಜನ ಫಿಲಿಪೀನ್ಸಿನವರು, ಇವರೊಬ್ಬರು ತುಳುವರು. ಶುಕ್ರವಾರ ಬಂತೆಂದರೆ ಆ ಆರು ಮಂದಿ ಕಬ್ಬಿಣದ ಸರಳು ಬಗ್ಗಿಸಿ ಮಾಡಿದ ರಿಂಗಿಗೆ ಚೆಂಡು ಹಾಕುತ್ತಿದ್ದರು. ಐದಡಿ ಎರಡಿಂಚಿನ ಟೈಲರಣ್ಣನನ್ನು ಆಟಕ್ಕೆ ಸೇರಿಸುವುದು ಹೇಗೆ? ಬನಿಯನಿಗೆ ನಂಬರ್ ಹೊಲಿಯುವ ಕೆಲಸ ಕೊಟ್ಟರು. ಅಮೆರಿಕದ ಪಡುಕಡಲಿನ ಕಡೆಯ ಒಂದು ಊರಿನ ತಂಡ ಅವರಿಗೆ ದೇವರು; ಇವರಿಗೂ ಅದೇ ದೇವರಾಯಿತು. ಆ ತಂಡ ಗೆಲ್ಲುವುದು ಅಪರೂಪ. ಆದರೂ ಬಿಡಲಿಲ್ಲ. "ಗೆಲ್ಲುವವರ ಹಿಂದೆ ಹೋಗ್ಲಿಕ್ಕೆ ಬೇಕಾದಷ್ಟು ಜನ ಉಂಟು" ಎನ್ನುತ್ತಿದ್ದರು.

ಊರಿಗೆ ಬಂದ ಮೇಲೆ ಆಟ ನೋಡಲು ಅವರಿಗೆ ಇಂಟರ್ನೆಟ್ ಬೇಕಾಯಿತು. ನನ್ನ ಅಂಗಡಿಯಲ್ಲಿತ್ತು. ಗೋಡೆಯಾಚೆಗೂ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ಸಂಜೆ ಆಡುವ ಆಟ ನಮಗೆ ಬೆಳಿಗ್ಗೆ ಏಳೂವರೆಗೆ. ನಾನು ಬಾಗಿಲು ತೆರೆದು ಅದರ ಸ್ವಿಚ್ ಹಾಕಿದ ಕೂಡಲೇ ಆ ಕಡೆಯಿಂದ ಗೋಡೆಗೆ ಎರಡು ಸಲ ಕತ್ತರಿಯಿಂದ ಕುಟ್ಟುತ್ತಿದ್ದರು, ಬಾ ಅಂತ. ಮೊದಮೊದಲು ಸುಮ್ಮನೆ ಕೂತೆ. ಮತ್ತೆ ಬೈಯಲು ಶುರುಮಾಡಿದೆ. ಬೈಯಲು ಶುರುಮಾಡಿದರೆ ಮುಗಿಯಿತು, ಅಭಿಮಾನಿ ಆದ ಹಾಗೆಯೇ. ಎದುರಿನ ಬೇಕರಿಯವರು ಸೇರಿದರು. ಮಂಗಳೂರು ಬಂದರಿನ ದಕ್ಕೆಯಿಂದ ಮೀನು ತರುವ ಟೆಂಪೋದ ಸಾಹೇಬರು ಸೇರಿದರು. ಟ್ಯಾಬನ್ನು ಇಸ್ತ್ರಿಪೆಟ್ಟಿಗೆಗೆ ಒರಗಿಸಿಟ್ಟು ನಾಲ್ಕೇ ಜನ. ತಂಡಕ್ಕೆ ಇಡೀ ತಾಲೂಕಿನಲ್ಲಿ ನಾವು ನಾಲ್ಕೇ ಜನ ಇದ್ದಿರಬೇಕು.

ನಾವು ಮೂವರು ಬೊಬ್ಬೆ ಹೊಡೆಯುವವರು. ಟೈಲರಣ್ಣ ಬಾಯಿಯಲ್ಲಿ ಸೂಜಿ ಇಟ್ಟುಕೊಂಡು ಬೊಬ್ಬೆ ಹೊಡೆಯುವುದು ಹೇಗೆ? ಖುಷಿಯಾದರೆ ಸೂಜಿಗಳು ನಡುಗುತ್ತಿದ್ದವು, ಅಷ್ಟೆ.

ನಾನು ಬರೆಯಬೇಕೆಂದಿರುವುದು ಕಳೆದ ಅಕ್ಟೋಬರಿನ ಮಾತು. ಸೀಸನ್ ಶುರುವಾಗುವ ಮೊದಲು ತಂಡಗಳು ತಾಲೀಮಿನ ಪಂದ್ಯ ಆಡುತ್ತವೆ. ಪ್ರಿಸೀಸನ್ ಅಂತ ಹೆಸರು. ಗೆದ್ದರೆ ಹೆಚ್ಚಲ್ಲ, ಸೋತರೆ ಕಡಿಮೆಯಲ್ಲ. ಇಪ್ಪತ್ತು ಜನರನ್ನು ಆಡಿಸಿ ನೋಡಿ ಕೊನೆಗೆ ನಾಲ್ಕೈದು ಜನರನ್ನು ಮನೆಗೆ ಕಳಿಸುತ್ತಾರೆ. ನಮ್ಮ ತಂಡಕ್ಕೆ ಐದು ಪಂದ್ಯ ಇತ್ತು.

ಮೊದಲನೆಯದರಲ್ಲೇ ಹೀನಾಯವಾಗಿ ಸೋತರು. ಬೇಕರಿಯವರು ತಲೆಯ ಮೇಲೆ ಕೈಹೊತ್ತು, "ಇದನ್ನು ನೋಡ್ಲಿಕ್ಕೆ ನಾನು ಒಲೆಯಲ್ಲಿ ಬನ್ನು ಕರಂಚಿ ಕಪ್ಪಾಗ್ಲಿಕ್ಕೆ ಬಿಟ್ಟು ಬಂದದ್ದಾ?" ಎಂದರು. ಸಾಹೇಬರು, "ಆ ಕೋಚನ್ನು ಮೊದಲು ಬಸ್ಸು ಹತ್ತಿಸಬೇಕು" ಎಂದರು. ನಾನು ಹೇಳಿದ್ದನ್ನು ಇಲ್ಲಿ ಬರೆಯಲಿಕ್ಕಾಗುವುದಿಲ್ಲ. ಟೈಲರಣ್ಣ ಮಾತ್ರ ತಣ್ಣಗೆ, "ಈಗಲೇ ಎಂತಕ್ಕೆ ಬೈತೀರಿ? ಇದು ಕೈಹೊಲಿಗೆ. ತಪ್ಪು ಕಾಣ್ಲಿಕ್ಕೇ ಇರುವುದು" ಎಂದರು.

ಎರಡನೇ ಪಂದ್ಯದ ಕೊನೆಯ ಐದು ನಿಮಿಷಕ್ಕೆ ಹನ್ನೆರಡು ನಂಬರಿನ ಒಬ್ಬ ಇಳಿದ. ಅವನ ಹೆಸರು ನಮಗ್ಯಾರಿಗೂ ನೆಟ್ಟಗೆ ಬಾಯಿಗೆ ಬರುತ್ತಿರಲಿಲ್ಲ. ತೆಂಗಿನ ಮರದ ಹಾಗೆ ಉದ್ದ, ಮುಖದಲ್ಲಿ ಗಾಬರಿ. ಟೈಲರಣ್ಣ ಮಿಷನ್ ನಿಲ್ಲಿಸಿದರು. "ಅವನ ಎಡ ಭುಜ ಸ್ವಲ್ಪ ತಗ್ಗು ಉಂಟು, ನೋಡಿದ್ರಾ? ರೆಡಿಮೇಡ್ ಅಂಗಿ ಅವನಿಗೆ ಜನ್ಮದಲ್ಲಿ ಸರಿಯಾಗ್ಲಿಕ್ಕಿಲ್ಲ." ಆಮೇಲೆ, ಅಪರೂಪಕ್ಕೆ ಸೂಜಿಗಳನ್ನು ಕೈಗೆ ತೆಗೆದು, "ಟ್ರಯಲಿಗೆ ಬಂದವ, ಅಲ್ಲವಾ?" ಎಂದರು. ಹೌದೆಂದೆ. ಅವರು ಮೊದಲ ಸಲ ಕುವೈತಿಗೆ ಹೋದಾಗ ಮೂರು ತಿಂಗಳು ಪರೀಕ್ಷೆಗೆಂದು ಇಟ್ಟುಕೊಂಡು ಹಿಂದೆ ಕಳಿಸಿದ್ದರಂತೆ. ಆ ದಿನವೇ ಅದನ್ನು ಹೇಳಿದ್ದು, ಅದಕ್ಕೆ ಮೊದಲು ಬಾಯಿಬಿಟ್ಟವರಲ್ಲ. "ಏರ್‌ಪೋರ್ಟಿನಿಂದ ಮನೆಗೆ ಬರುವಾಗ ಸೂಟ್‌ಕೇಸಿನಲ್ಲಿ ಎಂತ ಉಂಟು ಅಂತ ಕೇಳಿದವರಿಗೆಲ್ಲ ಎಂತ ಹೇಳುವುದು ಮಾರಾಯ?" ಎಂದು ಮತ್ತೆ ಸೂಜಿ ಬಾಯಿಗಿಟ್ಟರು.

ಅದಾಗಿ ಎರಡು ದಿನಕ್ಕೆ ಒಂದು ಕಾಗದ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಎರಡು ಝೆರಾಕ್ಸ್ ಬೇಕಿತ್ತು. ಊರಿನ ಡಾಕ್ಟರು ಮಂಗಳೂರಿನ ಹೃದಯದ ಆಸ್ಪತ್ರೆಗೆ ಬರೆದ ಚೀಟಿ. ನಾನು ದಿನಕ್ಕೆ ನೂರು ಕಾಗದ ಝೆರಾಕ್ಸ್ ಮಾಡುವವ, ಯಾರದ್ದನ್ನೂ ಓದುವುದಿಲ್ಲ. ಇದನ್ನು ಓದಿದೆ. ತಡಮಾಡಬಾರದು ಅಂತ ಅಡಿಗೆರೆ ಹಾಕಿ ಬರೆದಿತ್ತು.

"ಯಾವಾಗ ಹೋಗುವುದು?" ಎಂದೆ.

"ಪ್ರಿಸೀಸನ್ ಒಂದು ಮುಗೀಲಿ. ಮೂರೇ ಆಟ ಅಲ್ಲವಾ? ಅವನನ್ನು ಇಟ್ಟುಕೊಳ್ತಾರಾ ಕಳಿಸ್ತಾರಾ ಅಂತ ಗೊತ್ತಾಗ್ಲಿ. ಮತ್ತೆ ಹೋಗುವ."

"ಮನೆಯಲ್ಲಿ ಹೇಳಿದ್ದೀರಾ?"

"ಹೇಳ್ತೇನೆ."

ಈ ಜಾಗದಲ್ಲಿ ನಾನು ಸಿಟ್ಟು ಮಾಡಬೇಕಿತ್ತು. ಎರಡು ಅಂಗಿಯ ಟ್ರಯಲಿಗೆ ಕೂಗಾಡಿದವ ನಾನು. ಆ ದಿನ ಕೂಗಲಿಲ್ಲ. ಯಾಕೆಂದರೆ ನನಗೂ ಆ ಮೂರು ಆಟ ಬೇಕಿತ್ತು, ಅವರ ಜೊತೆಯಲ್ಲೇ ಬೇಕಿತ್ತು. "ಎಂಟು ದಿನ ಅಲ್ಲವಾ, ಎಂತ ಆಗುವುದಿಲ್ಲ" ಎಂದು ನಾನೇ ಅವರಿಗೆ ಧೈರ್ಯ ಹೇಳಿ ಕಳಿಸಿದೆ.

ಮೂರನೇ ಪಂದ್ಯ ಗೆದ್ದೆವು. ಹನ್ನೆರಡು ನಂಬರಿನವ ಒಂದರ ಹಿಂದೆ ಒಂದು ಬಾಸ್ಕೆಟ್ ಹಾಕಿದ. ಬೇಕರಿಯವರು ಎದುರಿನಿಂದ ಟ್ರೇಯನ್ನೇ ಎತ್ತಿಕೊಂಡು ಬಂದು ಪಫ್ಸ್ ಹಂಚಿದರು. ಸಾಹೇಬರು, "ಈ ವರ್ಷ ಫೈನಲ್ ಗ್ಯಾರಂಟಿ" ಎಂದು ಫೋನಿನಲ್ಲಿ ಯಾರಿಗೋ ಹೇಳಿದರು; ಆ ಕಡೆಯವರು ಕಬಡ್ಡಿಯದ್ದಾ ಅಂತ ಕೇಳಿರಬೇಕು, "ಅಲ್ಲ ಮಾರಾಯ, ಅಮೆರಿಕದ್ದು" ಎಂದು ಬೈದರು. ಲೆಕ್ಕಕ್ಕೇ ಬಾರದ ಒಂದು ಗೆಲುವಿಗೆ ನಾಲ್ಕು ಗಂಡಸರು ಕುಣಿದೆವು. ಟೈಲರಣ್ಣ ಮಾತ್ರ ಟೇಪು ತೆಗೆದು ಟ್ಯಾಬಿನ ಮುಂದೆ ಬಗ್ಗಿದರು. ಚಿತ್ರ ನಿಲ್ಲಿಸಲು ಹೇಳಿ, ಅವನ ಕೈ, ಬೆನ್ನು, ರಿಂಗಿನ ಎತ್ತರ ಎಲ್ಲ ಕಣ್ಣಿನಲ್ಲೇ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಅಳತೆ ಬರೆದರು. ಅವನು ತಂಡಕ್ಕೆ ಸೇರಿದ ದಿನ ಹಾಕಲಿಕ್ಕೆ ಒಂದು ಒಳ್ಳೇ ಅಂಗಿ ಹೊಲಿಯುತ್ತಾರಂತೆ.

"ಅವ ಇಲ್ಲಿಗೆ ಟ್ರಯಲಿಗೆ ಬರ್ತಾನಾ?" ಎಂದು ನಾನು ತಮಾಷೆ ಮಾಡಿದೆ.

"ಬಂದರೆ ಬರಲಿ. ಅಂಗಡಿ ತೆರೆದೇ ಉಂಟಲ್ಲ" ಎಂದರು.

ನಾಲ್ಕನೆಯದು ಸೋತರು. ಐದನೇ ಪಂದ್ಯದ ಬೆಳಿಗ್ಗೆ ಗೋಡೆಗೆ ಒಂದೇ ಸಲ ಕುಟ್ಟಿದ್ದು ಕೇಳಿತು. ಹೋಗಿ ನೋಡಿದರೆ ಟೈಲರಣ್ಣ ಸ್ಟೂಲಿನಲ್ಲಿ ಕೂತಿದ್ದರು, ತುಟಿಯಲ್ಲಿ ಸೂಜಿ ಇರಲಿಲ್ಲ. ನಾಲ್ಕೂ ಸೂಜಿ ಕುಶನಿಗೆ ಚುಚ್ಚಿದ್ದವು. ಅದನ್ನು ನಾನು ನೋಡಿದೆ. ಹದಿನಾಲ್ಕು ವರ್ಷದಲ್ಲಿ ಕುಶನಿನಲ್ಲಿ ಒಮ್ಮೆಯೂ ಕಾಣದ್ದನ್ನು ಕಂಡೂ ಏನೂ ಕೇಳಲಿಲ್ಲ, ಆಟ ಶುರುವಾಗಿತ್ತು.

ಮೂರನೇ ಕ್ವಾರ್ಟರಿನಲ್ಲಿ ಅವರು, "ಎಡಗೈ ಜೋಮು ಹಿಡಿದ ಹಾಗೆ ಉಂಟು" ಎಂದರು. ಅವರ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಉಜ್ಜಿದೆ. ತಣ್ಣಗಿತ್ತು, ಬೆವರಿತ್ತು. ಉಜ್ಜುತ್ತಾ ಟ್ಯಾಬ್ ನೋಡುತ್ತಿದ್ದೆ. ಹನ್ನೆರಡು ನಂಬರಿನವನಿಗೆ ಕೊನೆಗೆ ಯಾರೂ ಅಡ್ಡ ಬಾರದ ಎರಡು ಫ್ರೀ ಥ್ರೋ ಸಿಕ್ಕಿತು, ಎರಡೂ ತಪ್ಪಿತು. ನಾನು ಅವರ ಕೈ ಬಿಟ್ಟು ತೊಡೆ ತಟ್ಟಿಕೊಂಡು ಬೊಬ್ಬೆ ಹೊಡೆದೆ. ಬೇಕರಿಯವರೂ, ಸಾಹೇಬರೂ ಅವನ ಕುಲಗೋತ್ರ ಎತ್ತಿ ಬೈದರು. ಟೈಲರಣ್ಣ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದರು. ಸೋತದ್ದಕ್ಕೆ ಬೇಜಾರು ಅಂದುಕೊಂಡೆವು.

"ಅವನಿಗೆ ಬೈಬೇಡಿ" ಎಂದರು. ನಾನು ಅವರಿಂದ ಕೇಳಿದ ಕೊನೇ ಮಾತು ಅದು. ಗಂಜಿ ಊಟ ಮಾಡಿ ಬರ್ತೇನೆಂದು ಸಾಹೇಬರ ಟೆಂಪೋದಲ್ಲಿ ಮನೆಗೆ ಹೋದರಂತೆ. ಹನ್ನೊಂದು ಗಂಟೆಗೆ ಮನೆಯಿಂದ ಫೋನು. ಬೇಕರಿಯವರು ಮಂಗಳೂರಿಗೆ ಕಾರು ಓಡಿಸಿದರು, ನಾನು ಹಿಂದೆ ಟೈಲರಣ್ಣನ ತಲೆ ಹಿಡಿದುಕೊಂಡು ಕೂತಿದ್ದೆ. ಅರ್ಧ ದಾರಿಯ ಗಂಜಿಮಠ ದಾಟುವ ಮೊದಲೇ ಹೋದರು. ಮಂಗಳೂರಿನ ದಾರಿ ಒಂದು ಗಂಟೆಯದ್ದು. ಎಂಟು ದಿನ ಆ ದಾರಿ ಅಲ್ಲೇ ಇತ್ತು.

ನನಗೆ ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಊಟ ಮಾಡ್ತೇನೆ, ಝೆರಾಕ್ಸ್ ತೆಗೀತೇನೆ, ಗಿರಾಕಿಗಳಿಗೆ ಬೈಯುವುದು ನಿಂತುಹೋಗಿದೆ. ಎರಡು ದಿನ ಬಿಟ್ಟು ತಂಡದ ಕೊನೇ ಪಟ್ಟಿ ಬಂತು. ಹನ್ನೆರಡು ನಂಬರಿನವನ ಹೆಸರು ಇರಲಿಲ್ಲ. ಸಾಹೇಬರು ಫೋನು ಮಾಡಿ, "ಅವನನ್ನೂ ಕಳಿಸಿದರು" ಎಂದರು. "ಗೊತ್ತಾಯ್ತು" ಎಂದು ಇಟ್ಟೆ.

ಬೊಜ್ಜಕ್ಕೆ ಮೂರು ದಿನ ಇರುವಾಗ ಅವರ ಹೆಂಡತಿ ನನ್ನನ್ನು ಕರೆಸಿದರು. ನಮ್ಮಲ್ಲಿ ಈ ಹದಿಮೂರನೇ ದಿನದ ಕ್ರಿಯೆಗೆ ಬೇಕಾದವರಿಗೆಲ್ಲ ಮನೆಯವರ ಕಡೆಯಿಂದ ಒಬ್ಬರು ಹೋಗಿ ಬಾಯಾರೆ ಹೇಳಬೇಕು. ಯಾರನ್ನಾದರೂ ಬಿಟ್ಟರೆ ಅದೊಂದು ಕೊರತೆ. ಆಯಮ್ಮ ಚಾವಡಿಯಲ್ಲಿ ಕೂತು ಬೆರಳು ಮಡಚಿ ಒಬ್ಬೊಬ್ಬರ ಹೆಸರು ಹೇಳುತ್ತಿದ್ದರು. ಮತ್ತೆ ನನ್ನ ಕಡೆ ತಿರುಗಿ ಕೇಳಿದರು:

"ಆ ಹನ್ನೆರಡು ನಂಬರಿನ ಹುಡುಗನಿಗೆ ಹೇಳಿ ಆಯ್ತಾ? ಅವನ ಮನೆ ಎಲ್ಲಿ, ಇಲ್ಲೇ ಬೆಳುವಾಯಿಯಾ?"

ಅವರೇ ಮುಂದುವರಿಸಿದರು. "ಡಾಕ್ಟರು ಹೇಳಿದ ದಿನವೇ ಸಂಜೆ ನನಗೆ ಹೇಳಿದ್ದರು. ನಾನು ಆಸ್ಪತ್ರೆಗೆ ಅಂತ ಬಟ್ಟೆ ಕಟ್ಟಿ ಇಟ್ಟಿದ್ದೆ. ಇವರು, ಟ್ರಯಲಿಗೆ ಬಂದ ಹನ್ನೆರಡು ನಂಬರಿನ ಒಬ್ಬ ಹುಡುಗ ಇದ್ದಾನೆ, ಅವನದ್ದೊಂದು ಆಗ್ಲಿ, ಅನ್ನದ ಪ್ರಶ್ನೆ, ಅಂದರು. ಇನ್ನೊಬ್ಬರ ಮಗನ ಅನ್ನದ ಪ್ರಶ್ನೆ ಅನ್ನುವಾಗ ನಾನು ಹೇಗೆ ಹಠ ಮಾಡುವುದು? ಎಂಟು ದಿನ ಅಲ್ಲವಾ ಅಂತ ಸುಮ್ಮನಾದೆ." ಮಡಚಿದ ಬೆರಳು ಬಿಡಿಸಿ ಕೇಳಿದರು, "ಸಿಕ್ಕಿತಲ್ಲ ಅವನಿಗೆ ಕೆಲಸ?"

ಆ ಹುಡುಗ ಬೆಳುವಾಯಿಯವನಲ್ಲ, ನಿಮ್ಮ ಗಂಡ ಎಂಬವರು ಈ ಭೂಮಿಯಲ್ಲಿ ಇದ್ದರೆಂದೇ ಅವನಿಗೆ ಗೊತ್ತಿಲ್ಲ, ನೀವು ಬಟ್ಟೆ ಕಟ್ಟಿಟ್ಟ ದಿನ ಆ ಚೀಟಿ ನಾನೂ ಓದಿದ್ದೆ. ಇಷ್ಟನ್ನು ಹೇಳಬೇಕಿತ್ತು.

"ಸಿಕ್ಕಿತು ಅಕ್ಕ" ಎಂದೆ.

"ಅಷ್ಟಾದರೂ ಆಯ್ತಲ್ಲ" ಎಂದರು. ಹತ್ತು ದಿನದಲ್ಲಿ ಮೊದಲ ಸಲ ಅವರ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಒಳಗೆ ಹೋಗಿ ಒಂದು ಅಂಗಿ ತಂದರು. ತಿಳಿನೀಲಿ, ಮಡಚಿದರೂ ಮಡಿಲು ತುಂಬುವಷ್ಟು ದೊಡ್ಡದು. ಎಡ ಭುಜ ಅರ್ಧ ಇಂಚು ತಗ್ಗಿಸಿ ಕತ್ತರಿಸಿತ್ತು. ಕಾಲರಿನ ಒಳಗೆ ಸಣ್ಣದಾಗಿ ಹನ್ನೆರಡು ಎಂದು ಹೊಲಿದಿತ್ತು. ಉಳಿದದ್ದೆಲ್ಲ ಬಿಳಿ ನೂಲಿನ ಕೈಹೊಲಿಗೆ.

"ಉದ್ದದ ಹುಡುಗ ಕಾಣ್ತದೆ. ಟ್ರಯಲಿಗೆ ಬಂದರೆ ನೀವೇ ನೋಡಿ. ಮತ್ತೆ ಯಾವ ಟೈಲರಿಗಾದರೂ ಕೊಟ್ಟು ಪಕ್ಕಾ ಮಾಡಿಸಿ ಕೊಡಿ."

ಅಂಗಿ ಈಗ ನನ್ನ ಅಂಗಡಿಯ ಗೋಡೆಯಲ್ಲಿ ಉಂಟು, ಅವರು ಕತ್ತರಿಯಿಂದ ಕುಟ್ಟುತ್ತಿದ್ದ ಅದೇ ಗೋಡೆ. ಸೀಸನ್ ಶುರುವಾಗಿ ಮುಗಿಯಿತು, ನಮ್ಮ ಮೂವರಲ್ಲಿ ಯಾರೂ ನೋಡಲಿಲ್ಲ. ಏಳೂವರೆಗೆ ಬಂದು ಸ್ವಿಚ್ ಹಾಕುವಾಗ ದಿನಾ ಒಂದು ಯೋಚನೆ ಬರ್ತದೆ: ಆ ಎಂಟು ದಿನದಲ್ಲಿ ಒಂದು ದಿನ ಈ ಸ್ವಿಚ್ಚನ್ನು ಹಾಕದೆ ಇದ್ದಿದ್ದರೆ, ಆಟ ಇಲ್ಲ ಎದ್ದೇಳಿ ಆಸ್ಪತ್ರೆಗೆ ಹೋಗುವ ಅಂತ ಒಮ್ಮೆ ಕೂಗಿದ್ದರೆ, ಅವರು ಬರುತ್ತಿದ್ದರು. ನನ್ನ ಬೈಗಳಿಗೆ ಅವರು ಯಾವತ್ತೂ ಬೇಜಾರು ಮಾಡಿಕೊಂಡವರಲ್ಲ.

ಮೊನ್ನೆ ಅವರ ಹೆಂಡತಿ ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದಿದ್ದರು. ಗೋಡೆಯ ಅಂಗಿ ನೋಡಿ, "ಇನ್ನೂ ಬರಲಿಲ್ಲವಾ ಅವ?" ಎಂದು ಕೇಳಿದರು.

"ಹೊಸ ಕೆಲಸ ಅಲ್ಲವಾ ಅಕ್ಕ, ರಜೆ ಸಿಗಬೇಕಲ್ಲ" ಎಂದೆ. "ಬರ್ತಾನೆ."